ಶ್ರವಣಾತೀತ ಶಬ್ದವೂ ಶರೀರದ ಚರ್ಮವೂ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ಸಾಹಿತ್ಯವನ್ನೋ, ಸಂಗೀತವನ್ನೋ, ನಾಡಿನ ಏಕೀಕರಣದ ಕಥೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಅಂಥ ಜಾಗದಲ್ಲಿ ನಿಂತು ಹೊಟ್ಟೆಯ ಚರ್ಮ, ತೋಳಿನ ಚರ್ಮ ಎಂದು ಮಾತು ತೆಗೆಯುವುದಕ್ಕೆ ನಮಗೆ ಸಂಕೋಚವೇ ಆಗಿತ್ತು. ಕಾರ್ಯದರ್ಶಿಗಳು ಬಿಡಲಿಲ್ಲ. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬೀರಲು ಬಂದ ಐದಾರು ಮಂದಿ ಭಗಿನಿಯರು ತಮ್ಮ ಮೊಬೈಲಿನಲ್ಲಿ ಒಂದೇ ಜಾಹೀರಾತನ್ನು ನಮಗೆ ತೋರಿಸಿ, "ಇದು ನಿಜವೇ?" ಎಂದು ಕೇಳಿದ್ದರು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಒಂದು ಗಂಟೆ ಮಲಗಿದ್ದರೆ ಸಾಕು, ಜೋತುಬಿದ್ದ ಚರ್ಮ ಬಿಗಿಯಾಗುತ್ತದೆ ಎಂದು ಅದರಲ್ಲಿತ್ತು. ಐದಾರು ಮಂದಿಗೆ ಬಿಡಿಬಿಡಿಯಾಗಿ ಕೊಟ್ಟ ಉತ್ತರವನ್ನೇ ಸಭೆಯಲ್ಲಿ ಎಲ್ಲರಿಗೂ ಹೇಳಿ ಎಂದು ಕಾರ್ಯದರ್ಶಿಗಳು ಹಿಡಿದ ಹಟದ ಫಲ ಈ ಸಂಜೆಯ ಭಾಷಣ.

ನಾವು ಎಂದರೆ ಗಂಡಹೆಂಡಿರಿಬ್ಬರು. ಇಬ್ಬರೂ ಚರ್ಮದ ವೈದ್ಯರು. ಈ ಮುಂಬಯಿಯಲ್ಲಿ ಒಂದೇ ದವಾಖಾನೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಕುಳಿತಿದ್ದೇವೆ. ಮೈಕಿನ ಮುಂದೆ ನಿಲ್ಲುವವರು ಒಬ್ಬರಾದರೂ ಮಾತು ಇಬ್ಬರದೂ. ತಪ್ಪಿದ್ದರೆ ಅದೂ ಇಬ್ಬರದೇ. ಜಾಹೀರಾತಿನಲ್ಲಿದ್ದ ಬಗೆಯ ಯಂತ್ರ ನಮ್ಮಲ್ಲಿಯೂ ಒಂದಿದೆ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಅದನ್ನು ತಿಳಿದು ನಮ್ಮ ಮಾತನ್ನು ತೂಗಿ ನೋಡುವುದು ತಮಗೆ ಬಿಟ್ಟದ್ದು.

ಮುಖದ ಸುಕ್ಕಿನ ಚಿಂತೆ ಬಹಿರಂಗದ್ದು, ಶರೀರದ ಚರ್ಮದ ಚಿಂತೆ ಗುಟ್ಟಿನದು. ಲೋಕಲ್ ಗಾಡಿಯ ಹೆಂಗಸರ ಡಬ್ಬದಲ್ಲಿ ನಿಂತು ಮೇಲಿನ ಹಿಡಿಯನ್ನು ಹಿಡಿದಾಗ ತೋಳಿನ ಕೆಳಗಿನ ಚರ್ಮ ಗಾಡಿಯ ಓಲಾಟದೊಂದಿಗೆ ತಾನೂ ಓಲಾಡುತ್ತದೆ. ಎದುರಿಗೆ ಕುಳಿತ ಹುಡುಗಿ ಅದನ್ನು ನೋಡಿರುವುದಿಲ್ಲ. ಆದರೆ ನಿಂತವರಿಗೆ ಡಬ್ಬವೆಲ್ಲ ನೋಡಿದಂತೆಯೇ. ಈ ಕಾರಣಕ್ಕಾಗಿ ಮುಲುಂಡಿನಿಂದ ದಾದರಿನವರೆಗೆ ಹಿಡಿಯನ್ನು ಹಿಡಿಯದೆ ಸೀಟಿನ ಅಂಚಿಗೆ ಒರಗಿ ನಿಲ್ಲುವ ಒಬ್ಬ ಭಗಿನಿಯನ್ನು ನಾವು ಬಲ್ಲೆವು. ಇನ್ನೊಬ್ಬರು ಎರಡನೆಯ ಹೆರಿಗೆಯಾದ ಮೇಲೆ ತಮ್ಮ ತಂಗಿಯ ಎದುರಿಗೂ ಸೀರೆ ಬದಲಿಸುವುದನ್ನು ಬಿಟ್ಟವರು. ಗಂಡಸರೂ ಬರುತ್ತಾರೆ, ಹೆಂಡತಿಯನ್ನು ಮುಂದೆ ಮಾಡಿಕೊಂಡು. ವಯಸ್ಸಾದ ಮೇಲೆ ಇದೆಲ್ಲ ಏಕೆ, ಇದು ಒಯ್ಯಾರವಲ್ಲವೇ ಎಂದು ಕೇಳುವ ಹಿರಿಯರು ಈ ಸಭೆಯಲ್ಲಿಯೂ ಇದ್ದಾರು. ನಾವು ಹಾಗೆ ಕೇಳುವುದಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ನಮಗೆ ಹಾಗೆ ಕೇಳುವ ಹಕ್ಕೂ ಇಲ್ಲ.

ಚರ್ಮ ಏಕೆ ಜೋಲುತ್ತದೆ ಎಂಬುದನ್ನು ಮೊದಲು ನೋಡೋಣ. ಕಣ್ಣಿಗೆ ಕಾಣುವ ಹೊರಚರ್ಮ ಬಹಳ ತೆಳುವಾದದ್ದು, ಕಾಗದದಂಥದು. ಅದರ ಕೆಳಗಿರುವ ಒಳಚರ್ಮವೇ ನಿಜವಾದ ಬಲ. ಅದು ಒಂದರಿಂದ ನಾಲ್ಕು ಮಿಲಿಮೀಟರಿನಷ್ಟು ದಪ್ಪ. ಅದರೊಳಗೆ ಕೊಲಾಜೆನ್ ಎಂಬ ಎಳೆಗಳು ಹಾಸುಹೊಕ್ಕಾಗಿ ಹೆಣೆದುಕೊಂಡಿವೆ. ಒಂದೊಂದು ಕೊಲಾಜೆನ್ ಅಣುವೂ ಮೂರೆಳೆ ಸೇರಿಸಿ ಹೊಸೆದ ಹುರಿಯಂತೆ. ಚರ್ಮ ಹರಿಯದಂತೆ ಹಿಡಿದಿರುವುದು ಇದು. ಎಳೆದದ್ದನ್ನು ಹಿಂದಕ್ಕೆ ಸೆಳೆಯುವುದು ಎಲಾಸ್ಟಿನ್ ಎಂಬ ಇನ್ನೊಂದು ಬಗೆಯ ಎಳೆ. ಹರೆಯ ಕಳೆದ ಮೇಲೆ ಕೊಲಾಜೆನ್ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಐದು ವರ್ಷಗಳಲ್ಲಿ ಈ ಇಳಿತ ಥಟ್ಟನೆ ಹೆಚ್ಚಿ, ನೂರಕ್ಕೆ ಸುಮಾರು 30 ಭಾಗದಷ್ಟು ಹೋಗಿಬಿಡುತ್ತದೆ. ಬಿಸಿಲೂ ಬೀಡಿ ಸಿಗರೇಟೂ ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಬಸಿರಿನಲ್ಲಿ ತಿಂಗಳುಗಟ್ಟಲೆ ಹಿಗ್ಗಿದ ಚರ್ಮ, ವರ್ಷಗಟ್ಟಲೆ ಕೊಬ್ಬನ್ನು ಹೊತ್ತು ನಿಂತ ಚರ್ಮ, ಹೊರೆ ಇಳಿದ ಮೇಲೂ ಪೂರ್ತಿಯಾಗಿ ಹಿಂದಕ್ಕೆ ಬರಲಾರದು. ಹಳೆಯ ಕಾಲುಚೀಲದ ಎಲಾಸ್ಟಿಕ್ಕಿನ ಗತಿಯೇ ಅದಕ್ಕೂ.

2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶದ ಅಂಗಡಿಗಳಿಗೆ ಬಂದವು. ಅವು ಒಳ್ಳೆಯ ಔಷಧಗಳು. ವೈದ್ಯರ ಕಣ್ಣಿನ ಕೆಳಗೆ ತೆಗೆದುಕೊಂಡರೆ ಅನೇಕರಿಗೆ ಉಪಕಾರಿ. ಆದರೆ ಮೈ ಬೇಗ ಇಳಿದರೆ ಚರ್ಮ ಹಿಂದೆ ಉಳಿಯುತ್ತದೆ. ತೂಕ ಇಳಿಯಿತೆಂಬ ಸಂತೋಷದ ಬೆನ್ನಿಗೇ ಜೋತ ತೋಳನ್ನು ತೋರಿಸಲು ಬರುವವರು ಆಮೇಲೆ ನಮ್ಮಲ್ಲಿ ಹೆಚ್ಚಿದ್ದಾರೆ.

ಇನ್ನು ಶಬ್ದದ ಕಥೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದ ಕೇಳೀತು. ಅದಕ್ಕಿಂತ ಮೇಲಿನದು ಶ್ರವಣಾತೀತ, ಎಂದರೆ ಅಲ್ಟ್ರಾಸೌಂಡ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಾನ್ ಎಂಬ ಫ್ರೆಂಚ್ ವಿಜ್ಞಾನಿ ಈ ಹರಳುಗಳಿಂದ ಸಮುದ್ರದೊಳಗಿನ ಜಲಾಂತರ್ಗಾಮಿ ಹಡಗುಗಳನ್ನು ಪತ್ತೆಹಚ್ಚಲು ಹೊರಟಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಶಬ್ದದ ದಾರಿಗೆ ಸಿಕ್ಕ ಮೀನುಗಳು ಸತ್ತವು. ನೀರಿನಲ್ಲಿ ಕೈಯಿಟ್ಟರೆ ನೋವಾಯಿತು. ಕೇಳದ ಶಬ್ದ ಜೀವಕೋಶಕ್ಕೆ ಏನೋ ಮಾಡುತ್ತದೆಂಬುದು ಹೀಗೆ ತಿಳಿಯಿತು. 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಫ್ರೈ ಸೋದರರು ಶಬ್ದವನ್ನು ಒಂದು ಬಿಂದುವಿಗೆ ಕೂಡಿಸಿ ಮಿದುಳಿನ ಆಳದಲ್ಲಿ ಚಿಕಿತ್ಸೆ ಮಾಡಿ ನೋಡಿದರು. 1958ರಲ್ಲಿ ಸ್ಕಾಟ್ಲೆಂಡಿನ ಇಯಾನ್ ಡೊನಾಲ್ಡ್ ಮತ್ತು ಅವರ ಜೊತೆಗಾರರು ಇದೇ ಶಬ್ದದಿಂದ ಹೊಟ್ಟೆಯೊಳಗಿನ ಚಿತ್ರ ತೆಗೆಯುವ ಬಗೆಯನ್ನು ಪ್ರಕಟಿಸಿದರು. ನಮ್ಮ ಮನೆಗಳ ಬಸುರಿಯರಿಗೆಲ್ಲ ಈಗ ಅದು ಪರಿಚಿತ. ಹೊಟ್ಟೆಯಲ್ಲಿರುವುದು ಹೆಣ್ಣೆಂದು ತಿಳಿದು ಇಲ್ಲವಾಗಿಸಿದ ಪಾಪಕ್ಕೂ ಆ ಚಿತ್ರ ಬಳಕೆಯಾಯಿತು. ಗರ್ಭದ ಲಿಂಗಪತ್ತೆಯನ್ನು ತಡೆಯಲು 1988ರಲ್ಲಿ ಮಹಾರಾಷ್ಟ್ರವೂ 1994ರಲ್ಲಿ ಕೇಂದ್ರವೂ ಕಾನೂನು ಮಾಡಬೇಕಾಗಿ ಬಂತು. ಇದು ಈ ಹೊತ್ತಿನ ವಿಷಯವಲ್ಲ. ಆದರೆ ಮಹಿಳಾ ವಿಭಾಗದ ಸಭೆಯಲ್ಲಿ ಶಬ್ದದ ಗುಣಗಾನವನ್ನಷ್ಟೇ ಮಾಡಿ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಚಿತ್ರ ತೆಗೆಯುವ ಶಬ್ದ ಚರ್ಮವನ್ನು ಬಿಗಿಮಾಡುವುದು ಹೇಗೆ? ತಾವೆಲ್ಲ ಚಿಕ್ಕಂದಿನಲ್ಲಿ ಭೂತಗನ್ನಡಿಯಿಂದ ಕಾಗದ ಸುಟ್ಟಿರುತ್ತೀರಿ. ಬಿಸಿಲು ಕನ್ನಡಿಯನ್ನು ಸುಡುವುದಿಲ್ಲ, ನಡುವಿನ ಗಾಳಿಯನ್ನೂ ಸುಡುವುದಿಲ್ಲ; ಕಿರಣಗಳೆಲ್ಲ ಕೂಡುವ ಒಂದು ಚುಕ್ಕೆಯಲ್ಲಿ ಮಾತ್ರ ಹೊಗೆ ಏಳುತ್ತದೆ. ಈ ಯಂತ್ರದ ಹಿಡಿಯಲ್ಲಿಯೂ ಬಟ್ಟಲಿನಂತೆ ಬಾಗಿದ ಹರಳು ಇರುತ್ತದೆ. ಅದರಿಂದ ಹೊರಟ ಶಬ್ದ ಹೊರಚರ್ಮವನ್ನು ತಣ್ಣಗೆ ದಾಟಿ, ಒಳಗೆ ಗೊತ್ತುಮಾಡಿದ ಆಳದಲ್ಲಿ ಕೂಡುತ್ತದೆ. 1.5 ಮಿಲಿಮೀಟರಿಗೆ ಒಂದು ಹಿಡಿ, 3ಕ್ಕೆ ಇನ್ನೊಂದು, 4.5ಕ್ಕೆ ಮತ್ತೊಂದು. ಕೂಡಿದ ಕಡೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಚುಕ್ಕೆ 60ರಿಂದ 70 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಲೋಟದಲ್ಲಿ ಹಬೆಯಾಡುವ ಕಾಫಿಯಷ್ಟು ಬಿಸಿ ಎನ್ನಿ. ಅಷ್ಟು ಬಿಸಿಗೆ ಕೊಲಾಜೆನ್ ಹುರಿಯ ಹೊಸೆತ ಬಿಚ್ಚಿ ಎಳೆ ಮುದುಡುತ್ತದೆ. ಕೆಂಡದ ಮೇಲಿಟ್ಟ ಹಪ್ಪಳದ ಅಂಚು ಮುರುಟಿಕೊಳ್ಳುವಂತೆ. ಹಿಡಿ ಸುಮಾರು 25 ಮಿಲಿಮೀಟರು ಉದ್ದದ ಒಂದು ಗೆರೆಯಲ್ಲಿ ಇಂಥ ಚುಕ್ಕೆಗಳನ್ನು ಸಾಲಾಗಿ ಇಡುತ್ತದೆ. ಒಂದು ತೋಳಿಗೆ ಇಂಥ ಗೆರೆಗಳು ನೂರಾರು.

ಆದರೆ ಮುದುಡುವುದು ಇದರ ಸಣ್ಣ ಭಾಗ ಮಾತ್ರ. ಚುಕ್ಕೆಗಳ ನಡುವಿನ ಚರ್ಮ ಗಾಸಿಯಿಲ್ಲದೆ ಉಳಿದಿರುತ್ತದೆಯಷ್ಟೆ. ಅಲ್ಲಿಂದ ಜೀವಕೋಶಗಳು ಹೊರಟು ಬಂದು ಸುಟ್ಟ ಚುಕ್ಕೆಗಳನ್ನು ದುರಸ್ತಿ ಮಾಡುತ್ತವೆ. ಗಾಯ ಮಾಯುವ ಕ್ರಮವೇ ಇದು. ಆ ದುರಸ್ತಿಯಲ್ಲಿ ಹೊಸ ಕೊಲಾಜೆನ್ ಹುಟ್ಟುತ್ತದೆ. ಅದಕ್ಕೆ ಎರಡು ಮೂರು ತಿಂಗಳು ಬೇಕು. ಆರು ತಿಂಗಳವರೆಗೂ ಕೆಲಸ ನಡೆಯುತ್ತಿರುತ್ತದೆ. ಆದ್ದರಿಂದ ಮೇಜಿನಿಂದ ಎದ್ದ ಕೂಡಲೇ ಬಿಗಿಯಾಗಿ ಕಾಣುವುದು ಬಹುಮಟ್ಟಿಗೆ ಬಾವು. ಅದನ್ನೇ ಕನ್ನಡಿಯಲ್ಲಿ ತೋರಿಸಿ ಫೋಟೋ ತೆಗೆದು ಕಳಿಸಿಕೊಟ್ಟರೆ ಅದು ಮೋಸ. ಬರುವ ವಾರ ಮಗಳ ಮದುವೆ, ಅಷ್ಟರೊಳಗೆ ಮಾಡಿಕೊಡಿ ಎಂದು ಬಂದವರಿಗೆ ನಾವು ಮದುವೆಯ ಊಟಕ್ಕೆ ಬರುತ್ತೇವೆ ಎಂದಷ್ಟೇ ಹೇಳುತ್ತೇವೆ.

ನಮ್ಮವರಿಗೆ ಈ ಪದ್ಧತಿಯಲ್ಲಿ ಒಂದು ನಿಜವಾದ ಅನುಕೂಲವಿದೆ. ಲೇಸರ್ ಬೆಳಕು ಬಣ್ಣವನ್ನು ಹುಡುಕಿಕೊಂಡು ಹೋಗುತ್ತದೆ. ಚರ್ಮ ಕಪ್ಪಾದಷ್ಟೂ ಬೆಳಕನ್ನು ಮೇಲೆಯೇ ಹೀರಿಕೊಂಡು ಸುಟ್ಟೀತು. ಶಬ್ದಕ್ಕೆ ಬಣ್ಣದ ಭೇದವಿಲ್ಲ. ಗೋಧಿ ಬಣ್ಣವೋ ಎಣ್ಣೆಗಪ್ಪೋ ಅದಕ್ಕೆ ಒಂದೇ. ಹಾಗೆಂದು ಕಲೆ ಬೀಳುವುದೇ ಇಲ್ಲವೆಂದಲ್ಲ. ಗಾಳಿಯನ್ನು ಶಬ್ದ ದಾಟಲಾರದಾದ್ದರಿಂದ ಲೋಳೆಸರದ ತಿರುಳಿನಂಥ ಜೆಲ್ ಹಚ್ಚಿ, ಹಿಡಿಯನ್ನು ಚರ್ಮಕ್ಕೆ ಒತ್ತಿ ಹಿಡಿಯಬೇಕು. ಅವಸರದ ಕೈ ಅದನ್ನು ಓರೆಯಾಗಿ ಹಿಡಿದರೆ ಬಿಸಿ ಮೇಲಕ್ಕೆ ಬಂದು ಬರೆ ಏಳುತ್ತದೆ. ನಮ್ಮ ಚರ್ಮದಲ್ಲಿ ಬರೆ ಹೋದರೂ ಕಪ್ಪು ಬಹುಕಾಲ ಉಳಿಯುತ್ತದೆ.

ಅಮೆರಿಕದ ಔಷಧ ಇಲಾಖೆ ಈ ಬಗೆಯ ಯಂತ್ರಕ್ಕೆ ಮೊದಲು ಪರವಾನಗಿ ಕೊಟ್ಟದ್ದು 2009ರಲ್ಲಿ, ಹುಬ್ಬು ಎತ್ತುವುದಕ್ಕೆ. 2012ರಲ್ಲಿ ಗದ್ದದ ಕೆಳಭಾಗಕ್ಕೂ ಕೊರಳಿಗೂ, 2014ರಲ್ಲಿ ಎದೆಯ ಮೇಲ್ಭಾಗದ ಗೆರೆಗಳಿಗೂ ಕೊಟ್ಟಿತು. ಈ ಮೂರೂ ಮುಖ, ಕೊರಳು, ಎದೆಯ ಮೇಲ್ಭಾಗಗಳಿಗೇ ಎಂಬುದನ್ನು ಗಮನಿಸಿ. ಮುಖದಲ್ಲಿ ಚರ್ಮದ ಕೆಳಗೆ ಸ್ನಾಯುಗಳನ್ನು ಹೊದ್ದ ಒಂದು ಗಟ್ಟಿ ಪದರವಿದೆ, 4.5 ಮಿಲಿಮೀಟರಿನ ಹಿಡಿಯನ್ನು ಮಾಡಿದ್ದು ಅದಕ್ಕಾಗಿ. ಶರೀರದ ಬೇರೆ ಭಾಗಗಳಲ್ಲಿ ರಚನೆ ಬೇರೆ, ವಿಸ್ತಾರ ಹೆಚ್ಚು, ಭಾರ ಹೆಚ್ಚು. 2012ರಲ್ಲಿಯೇ ಅಮೆರಿಕದ ಚರ್ಮವೈದ್ಯೆಯರಾದ ಟೀನಾ ಆಲ್‌ಸ್ಟರ್ ಮತ್ತು ಎಲಿಜಬೆತ್ ಟ್ಯಾಂಜಿ ತೋಳು, ತೊಡೆ, ಮಂಡಿಗಳ ಮೇಲೆ ಇದನ್ನು ಮಾಡಿ ಫಲವನ್ನು ಪ್ರಕಟಿಸಿದರು. ಮೂರು ಕಡೆಯೂ ಗುಣ ಕಂಡಿತು. ತೊಡೆಗಿಂತ ತೋಳಿನಲ್ಲಿ, ಮಂಡಿಯಲ್ಲಿ ಹೆಚ್ಚು. ನಮ್ಮ ಚಿಕ್ಕ ಅನುಭವವೂ ಅದೇ.

ತೋಳಿಗೆ ಬರೋಣ. ಕೈಯನ್ನು ಅಡ್ಡ ಚಾಚಿ, ಇನ್ನೊಂದು ಕೈಯಿಂದ ಕೆಳಗಿನ ಚರ್ಮವನ್ನು ಚಿವುಟಿ ಎತ್ತಿ ನೋಡಿ. ಸೀರೆಯ ಸೆರಗಿನಂತೆ ತೆಳ್ಳಗೆ ಬಂದರೆ ಅದು ಚರ್ಮ. ಚಪಾತಿ ಹಿಟ್ಟಿನಂತೆ ದಪ್ಪಗೆ ಬಂದರೆ ಕೊಬ್ಬು. ತೆಳ್ಳಗೆ ಬಂದು, ಜೋಲು ಒಂದೆರಡು ಬೆರಳಿನಷ್ಟು ಮಾತ್ರ ಇದ್ದರೆ ಈ ಚಿಕಿತ್ಸೆಯಿಂದ ಸ್ವಲ್ಪ ಫಲ ಸಿಕ್ಕೀತು. ಸ್ವಲ್ಪ ಎಂಬುದನ್ನು ಒತ್ತಿ ಹೇಳುತ್ತೇವೆ. ರವಿಕೆಯ ತೋಳು ಒಂದು ಬೆರಳು ಸಡಿಲವಾದೀತು, ಚರ್ಮದ ಮೇಲಿನ ಸಣ್ಣ ನೆರಿಗೆ ಕಡಿಮೆಯಾದೀತು. ಗಾಡಿಯ ಓಲಾಟ ನಿಲ್ಲದು, ತಗ್ಗೀತು. ತೋಳಿನ ಒಳಮಗ್ಗುಲಲ್ಲಿ, ಮೊಣಕೈಯ ಹತ್ತಿರ, ಒಂದು ದೊಡ್ಡ ನರ ಚರ್ಮದ ಸಮೀಪವೇ ಹಾದುಹೋಗುತ್ತದೆ. ಮೊಣಕೈ ಕಲ್ಲಿಗೆ ತಾಗಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಅದೇ. ಆ ಜಾಗವನ್ನು ಬಲ್ಲವರು ಮುಟ್ಟುವುದಿಲ್ಲ. ಬಲ್ಲವರ ಕೈ ಬೇಕೆನ್ನುವುದು ಇಂಥದಕ್ಕೆ. ಕೆಲವು ಯಂತ್ರಗಳು ಚಿಕಿತ್ಸೆಗೆ ಮೊದಲು ಚರ್ಮದೊಳಗಿನ ಚಿತ್ರವನ್ನೂ ತೋರಿಸುತ್ತವೆ. ಎಲ್ಲಿ ಒಳಚರ್ಮ, ಎಲ್ಲಿ ಕೊಬ್ಬು, ಎಲ್ಲಿ ಮೂಳೆ ಎಂದು ನೋಡಿಕೊಂಡು ಬಿಸಿ ಬಿಡಬಹುದು. ಚಿತ್ರ ತೋರಿಸದ ಯಂತ್ರಗಳೂ ಇವೆ, ಅಗ್ಗ. ಕತ್ತಲಲ್ಲಿ ಒಗ್ಗರಣೆ ಹಾಕಿದಂತೆ ಅದು.

ನೋವಿನ ವಿಷಯವನ್ನೂ ಮರೆಮಾಡಬಾರದು. ನೋವಿಲ್ಲ ಎಂದು ಜಾಹೀರಾತು ಹೇಳಿತ್ತು. ನೋವಿದೆ. ಒಂದೊಂದು ಗೆರೆಗೂ ಬಿಸಿ ಸೂಜಿಗಳು ಸಾಲಾಗಿ ಚುಚ್ಚಿದಂತಾಗುತ್ತದೆ. ಮೂಳೆಯ ಹತ್ತಿರ ಇನ್ನೂ ಹೆಚ್ಚು. ಮೇಲೆ ಹಚ್ಚುವ ಮರಗಟ್ಟಿಸುವ ಮುಲಾಮು ಅಷ್ಟು ಆಳಕ್ಕೆ ಇಳಿಯದು. ಹೆತ್ತ ತಾಯಂದಿರು "ಇಷ್ಟೇನಾ?" ಎನ್ನುತ್ತಾರೆ, ಗಂಡಸರು ಅರ್ಧಕ್ಕೇ ಎದ್ದು ಕೂರುತ್ತಾರೆ. ಇದು ವಿಜ್ಞಾನವಲ್ಲ, ನಮ್ಮ ದವಾಖಾನೆಯ ಕಂಡುಕೊಂಡ ಸತ್ಯ. ಆಮೇಲೆ ಕೆಂಪು, ಬಾವು, ಕೆಲವರಿಗೆ ಹೆಪ್ಪುಗಟ್ಟಿದ ನೀಲಿ, ಕೆಲವು ದಿನ ಮುಟ್ಟಿದರೆ ನೋವು. ಅಪರೂಪಕ್ಕೆ ಕೆಲವು ವಾರ ಜೋಮು ಹಿಡಿದಂತಿರಬಹುದು.

ಹೊಟ್ಟೆಯ ವಿಷಯ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಅಜ್ಜಿಯರು ಬಾಣಂತಿಗೆ ಎಣ್ಣೆನೀರು ಹಾಕಿ, ಹಳೆಯ ಸೀರೆಯಿಂದ ಹೊಟ್ಟೆಯನ್ನು ಬಿಗಿದು ಕಟ್ಟುತ್ತಿದ್ದರು. ಅದರಿಂದ ನಡುವಿಗೆ ಆಸರೆ ಸಿಗುತ್ತಿತ್ತು, ಏಳುವುದು ಕೂರುವುದು ಹಗುರಾಗುತ್ತಿತ್ತು. ಚರ್ಮದ ಎಳೆಯನ್ನು ಅದು ಕೂಡಿಸಲಾರದು. ಹೆರಿಗೆಯಾದ ಹೊಟ್ಟೆ ಮುಂದಕ್ಕೆ ಬಂದಿರುವುದಕ್ಕೆ ಕಾರಣಗಳು ಮೂರು. ಚರ್ಮ ಸಡಿಲವಾಗಿರಬಹುದು. ಕೊಬ್ಬು ಸೇರಿರಬಹುದು. ಇಲ್ಲವೇ ಹೊಟ್ಟೆಯ ನಡುವಿನ ಉದ್ದ ಸ್ನಾಯುಗಳೆರಡು ಬಸಿರಿನಲ್ಲಿ ದೂರ ಸರಿದು ಹಿಂದಕ್ಕೆ ಕೂಡದೆ ಉಳಿದಿರಬಹುದು. ಮೂರನೆಯದನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನಷ್ಟೇ ಮೇಲಕ್ಕೆತ್ತಿ. ಹೊಕ್ಕಳಿನ ಮೇಲೆ ಕೆಳಗೆ ನಡುಗೆರೆಯಲ್ಲಿ ದಿಣ್ಣೆಯಂತೆ ಉಬ್ಬಿದರೆ, ಅಲ್ಲಿ ಎರಡು ಮೂರು ಬೆರಳು ಒಳಗಿಳಿದರೆ, ಸ್ನಾಯುಗಳು ಸರಿದಿವೆ ಎಂದು ಅರ್ಥ. ಅದಕ್ಕೆ ಬೇಕಾದ್ದು ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ, ಕೆಲವರಿಗೆ ಶಸ್ತ್ರಚಿಕಿತ್ಸೆ. ನಾಲ್ಕೂವರೆ ಮಿಲಿಮೀಟರು ಇಳಿಯುವ ಶಬ್ದ ಆ ಸ್ನಾಯುಗಳನ್ನು ತಲಪುವುದೂ ಇಲ್ಲ. ಈ ಒಂದು ಪರೀಕ್ಷೆಯನ್ನು ಮಾಡಿಕೊಂಡ ಮೇಲೆ ದುಡ್ಡು ಕಟ್ಟುವ ಮನಸ್ಸು ಬದಲಾಯಿಸಿ ವ್ಯಾಯಾಮಕ್ಕೆ ಹೋದವರನ್ನು ನಾವು ಕಂಡಿದ್ದೇವೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಕೊಬ್ಬನ್ನು ಕರಗಿಸುವ ಶಬ್ದಯಂತ್ರ ಬೇರೆಯೇ ಉಂಟು. ಅಮೆರಿಕದಲ್ಲಿ 2011ರಲ್ಲಿ ಪರವಾನಗಿ ಪಡೆದ ಅಂಥ ಒಂದು ಯಂತ್ರದ ಶಬ್ದ ಕೂಡುವುದು ಸುಮಾರು 13 ಮಿಲಿಮೀಟರು ಆಳದಲ್ಲಿ, ಕೊಬ್ಬಿನ ಒಳಗೆ. ಅಲ್ಲಿ ಕೊಬ್ಬಿನ ಕೋಶಗಳು ಸತ್ತು, ಶರೀರ ಅವನ್ನು ನಿಧಾನವಾಗಿ ವಿಲೇವಾರಿ ಮಾಡುತ್ತದೆ. ಎರಡಕ್ಕೂ 'ಹೈಫು' ಎಂಬ ಒಂದೇ ಹೆಸರನ್ನು ಬೋರ್ಡಿನ ಮೇಲೆ ಬರೆದಿರುತ್ತಾರೆ. ಚರ್ಮ ಸಡಿಲವಾದವರಿಗೆ ಕೊಬ್ಬಿನ ಯಂತ್ರ ಹಚ್ಚಿದರೆ ಒಳಗಿನ ಹತ್ತಿ ತೆಗೆದ ದಿಂಬಿನಂತೆ ಚರ್ಮ ಇನ್ನಷ್ಟು ಜೋತೀತು.

ಮಂಡಿಯ ಮೇಲಿನ ಮಡಿಕೆಗೆ ಫಲ ಪರವಾಗಿಲ್ಲ. ಸೀರೆ ಉಡುವವರು ಕೇಳುವುದಿಲ್ಲ, ಮೊಮ್ಮಕ್ಕಳ ಕಾಲದವರು ಕೇಳುತ್ತಾರೆ. ತೊಡೆಯ ಒಳಭಾಗದಲ್ಲಿ ಹಣ ಹೆಚ್ಚು, ಫಲ ಕಡಿಮೆ. ಎದೆಯ ಮೇಲ್ಭಾಗದ ಉದ್ದ ಗೆರೆಗಳಿಗೆ ಒಳ್ಳೆಯದು, ಆದರೆ ಸ್ತನದ ಮೇಲೆ ಮಾಡುವುದಿಲ್ಲ.

ಈಗ ನಮ್ಮ ತಪ್ಪನ್ನು ಹೇಳಬೇಕು. ಯಂತ್ರ ತಂದ ಹೊಸತು. ಅದರ ಕಂತು ತಿಂಗಳು ತಿಂಗಳೂ ಕಟ್ಟಬೇಕು. ಧಾರವಾಡದ ಕಡೆಯ ಒಬ್ಬ ಭಗಿನಿ, ವಯಸ್ಸು 46, ಬಂದರು. ಸಕ್ಕರೆ ರೋಗವೆಂದು ತಿಳಿದ ಮೇಲೆ ಎರಡು ವರ್ಷ ಬೆಳಿಗ್ಗೆ ಸಂಜೆ ನಡೆದು, ಅನ್ನ ಕಡಿಮೆ ಮಾಡಿ, 31 ಕಿಲೋ ಇಳಿಸಿದ್ದರು. ಅಂಥ ಸಾಧನೆಯನ್ನು ನಾವು ಹೆಚ್ಚು ಕಂಡಿಲ್ಲ. ಹೊಟ್ಟೆಯ ಚರ್ಮ ಮಾತ್ರ ಮಡಿಕೆಯಾಗಿ ತೊಡೆಯ ಮೇಲಕ್ಕೆ ಇಳಿದಿತ್ತು. ಮುಂಗಾರಿನಲ್ಲಿ ಮಡಿಕೆಯೊಳಗೆ ಬೆವರು ನಿಂತು ಕೆಂಪಾಗಿ ಉರಿಯುತ್ತಿತ್ತು. ಚೀಟಿ ಎತ್ತಿದ ಹಣವನ್ನು ಕವರಿನಲ್ಲಿ ತಂದಿದ್ದರು. ಇದು ಶಬ್ದದಿಂದ ಆಗುವ ಕೆಲಸವಲ್ಲ ಎಂದು ನಮಗೆ ನೋಡಿದ ಕೂಡಲೇ ತಿಳಿಯಬೇಕಿತ್ತು. ತಿಳಿದೂ ಇತ್ತು ಎಂದರೆ ಹೆಚ್ಚು ಪ್ರಾಮಾಣಿಕ. "ನೋಡೋಣ, ಸ್ವಲ್ಪವಾದರೂ ಆದೀತು" ಎಂದೆವು. ಎರಡು ಸಲ ಮಾಡಿದೆವು. ಎರಡು ಸಲವೂ ಆಕೆ ತುಟಿ ಕಚ್ಚಿಕೊಂಡು ನೋವು ಸಹಿಸಿದರು.

ಆರು ತಿಂಗಳ ಮೇಲೆ ಬಂದು ಕುಳಿತರು. ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ವ್ಯತ್ಯಾಸವನ್ನು ಹುಡುಕಿದೆವು, ಇದ್ದರೆ ತಾನೇ ಸಿಗುವುದು? ಆಕೆ ಬೈಯಲಿಲ್ಲ. "ಡಾಕ್ಟರ್ರ, ಆಗೂದಿಲ್ಲ ಅಂತ ಮೊದಲ ಹೇಳಿದ್ರ ನಾ ಏನ್ ಸಿಟ್ಟಾಗ್ತಿದ್ನೇನ್ರಿ?" ಎಂದರು. ಆ ದಿನ ನಾವಿಬ್ಬರೂ ಮನೆಗೆ ಹೋಗಿ ಊಟ ಸರಿಯಾಗಿ ಮಾಡಲಿಲ್ಲ. ಹಣವನ್ನು ಹಿಂದಕ್ಕೆ ಕೊಟ್ಟೆವು. ಪರಿಚಯದ ಪ್ಲಾಸ್ಟಿಕ್ ಸರ್ಜನರೊಬ್ಬರ ಬಳಿಗೆ ಜೊತೆಯಲ್ಲಿ ಹೋಗಿ ತೋರಿಸಿದೆವು. ಅವರು ಹೆಚ್ಚಿನ ಚರ್ಮವನ್ನು ಕೊಯ್ದು ತೆಗೆದು ಹೊಲಿದರು. ಈಗ ಆಕೆಯ ಕೆಳಹೊಟ್ಟೆಯಲ್ಲಿ ಈ ಪಕ್ಕೆಯಿಂದ ಆ ಪಕ್ಕೆಯವರೆಗೆ ಒಂದು ಗೆರೆಯಿದೆ. ಮಡಿಕೆಯಿಲ್ಲ, ಉರಿಯಿಲ್ಲ. ಈ ಕಥೆಯನ್ನು ಇಲ್ಲಿ ಹೇಳಲು ಅವರ ಅಪ್ಪಣೆ ಪಡೆದಿದ್ದೇವೆ. ಹೆಸರು ಬೇಡವೆಂದರು.

ಅಂದಿನಿಂದ ನಾವು ಒಂದು ರೂಢಿ ಇಟ್ಟುಕೊಂಡಿದ್ದೇವೆ. ಬಂದವರನ್ನು ಒಬ್ಬರು ನೋಡಿ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ನೋಡದೆ ತಾವೂ ಬರೆಯುತ್ತಾರೆ. ಎರಡರಲ್ಲಿ ಒಂದು 'ಬೇಡ' ಇದ್ದರೂ ಬೇಡ. ಮನೆಯ ಜಗಳಗಳಲ್ಲಿ ಇಷ್ಟು ಸುಲಭದ ನಿಯಮ ನಮಗೆ ಸಿಕ್ಕಿಲ್ಲ. ನಾಲ್ಕು ಮಂದಿ ಕೇಳಿದರೆ ಈಗ ಇಬ್ಬರಿಗೋ ಮೂವರಿಗೋ 'ಬೇಡ' ಎಂದೇ ಬರುತ್ತದೆ.

ಬೇಡವೇ ಬೇಡ ಎನ್ನಬೇಕಾದವರೂ ಇದ್ದಾರೆ. ಬಸುರಿಯರು, ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರು, ಚಿಕಿತ್ಸೆಯ ಜಾಗದಲ್ಲಿ ಹುಣ್ಣು, ಸೋಂಕು, ಲೋಹದ ತಗಡು ಇರುವವರು. ಗಾಯವಾದರೆ ಚರ್ಮ ಗಂಟುಗಟ್ಟಿ ಬೆಳೆಯುವ ಸ್ವಭಾವದವರು ಅದನ್ನು ಮೊದಲೇ ಹೇಳಬೇಕು. ತೂಕ ಇನ್ನೂ ಇಳಿಯುತ್ತಿರುವವರು ಅದು ಒಂದು ಕಡೆ ನಿಲ್ಲುವವರೆಗೆ ಕಾಯಬೇಕು. ಇನ್ನೊಂದು ಹೆರಿಗೆಯ ಯೋಚನೆ ಇದ್ದವರು ಹೊಟ್ಟೆಯ ಮಾತನ್ನೇ ಆಗ ಎತ್ತಬೇಕಾಗಿಲ್ಲ.

ಫಲ ಸಿಕ್ಕವರಿಗೂ ಅದು ಶಾಶ್ವತವಲ್ಲ. ಸುಮಾರು ಒಂದು ವರ್ಷ, ಕೆಲವರಿಗೆ ಕೊಂಚ ಹೆಚ್ಚು. ವಯಸ್ಸು ಆ ಹೊತ್ತಿನಲ್ಲಿ ಕೈಕಟ್ಟಿ ಕುಳಿತಿರುವುದಿಲ್ಲ. ಒಮ್ಮೆ ಮಾಡಲು ಹತ್ತಾರು ಸಾವಿರ ರೂಪಾಯಿ ಬೇಕು ಎಂಬುದನ್ನು ಇದರ ಜೊತೆಗಿಟ್ಟು ಲೆಕ್ಕ ಹಾಕಿ.

ಫೋಟೋಗಳ ಬಗ್ಗೆ ಒಂದು ಮಾತು. ಮೊದಲಿನ ಫೋಟೋದಲ್ಲಿ ದೀಪ ಮೇಲಿನಿಂದ ಬಿದ್ದಿರುತ್ತದೆ; ನೆರಿಗೆಗಳ ನೆರಳು ಎದ್ದು ಕಾಣುತ್ತದೆ. ಆಮೇಲಿನದರಲ್ಲಿ ದೀಪ ಎದುರಿನಿಂದ. ಮೊದಲಿನದರಲ್ಲಿ ಉಸಿರು ಬಿಟ್ಟ ಹೊಟ್ಟೆ, ಆಮೇಲಿನದರಲ್ಲಿ ಎಳೆದುಕೊಂಡ ಹೊಟ್ಟೆ. ತೋಳನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಜೋಲು ಅರ್ಧ ಮಾಯ. ಮಗಳ ಮೊಬೈಲಿನಲ್ಲಿ ಇದನ್ನು ಈ ರಾತ್ರಿಯೇ ಮಾಡಿ ನೋಡಿ. ಹತ್ತು ನಿಮಿಷದಲ್ಲಿ, ಬಿಟ್ಟಿಯಾಗಿ, ತಮ್ಮ ಚರ್ಮವೂ ಬಿಗಿಯಾದೀತು.

ಮಾಡಿಸಿಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಹಿಡಿ ಹಿಡಿಯುವವರು ಯಾರು, ಅವರು ವೈದ್ಯರೋ ಅಲ್ಲವೋ ಎಂದು ಕೇಳಿ. ಯಂತ್ರದ ಹೆಸರನ್ನು, ತಯಾರಕರನ್ನು ಬರೆದುಕೊಡಿ ಎನ್ನಿ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಉಪಕರಣಗಳೆಲ್ಲ ಔಷಧಿಗಳ ಕಾನೂನಿನ ಕೆಳಗೆ ಬಂದಿವೆಯಾದ್ದರಿಂದ ಅದನ್ನು ಕೇಳುವ ಹಕ್ಕು ತಮಗಿದೆ. ಯಾವ ಆಳ, ಎಷ್ಟು ಗೆರೆ, ಬರೆ ಎದ್ದರೆ ಯಾರು ನೋಡುತ್ತಾರೆ ಎಂದೂ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. "ಇವತ್ತೇ ಕಟ್ಟಿದರೆ ಅರ್ಧ ಬೆಲೆ" ಎಂದರಂತೂ ಲಿಫ್ಟಿಗೂ ಕಾಯಬೇಡಿ.

ಯಂತ್ರವನ್ನು ಹೊತ್ತು ತರಲಾಗಲಿಲ್ಲ. ಅದರ ಹಿಡಿಗಳೆರಡನ್ನು ಹಿಂದಿನ ಮೇಜಿನ ಮೇಲೆ, ಉಪ್ಪಿಟ್ಟಿನ ಪಾತ್ರೆಯಿಂದ ದೂರದಲ್ಲಿ ಇಟ್ಟಿದ್ದೇವೆ. ಒಂದು ಮೂರು ಮಿಲಿಮೀಟರಿನದು, ಇನ್ನೊಂದು ನಾಲ್ಕೂವರೆಯದು. ಗೆರೆಗಳ ಲೆಕ್ಕ ಮುಗಿದವು, ಕೆಲಸಕ್ಕೆ ಬಾರವು. ಕೈಗೆ ತೆಗೆದುಕೊಂಡು ಒಳಗಿನ ಹರಳನ್ನು ನೋಡಬಹುದು. ಎಲ್ಲರೆದುರು ಕೇಳಲು ಸಂಕೋಚಪಡುವ ಪ್ರಶ್ನೆಗಳಿದ್ದರೆ ಪಕ್ಕದ ವಾಚನಾಲಯದ ಕೋಣೆಯ ಬೀಗ ತೆಗೆಸಿ ಕೊಡುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಾವು ಕಾಫಿ ಮುಗಿಯುವವರೆಗೆ ಅಲ್ಲಿಯೇ ಇರುತ್ತೇವೆ.